ಮಿಸೌರಿ ಸಿನಡ್ ಒಡೆದದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಭಾನುವಾರ ಚರ್ಚು ಹುಡುಕುತ್ತಾರೆ. ಒಂದೇ ಊರಿನಲ್ಲಿ ಮಾರ್ಟಿನ್ ಲೂಥರನ ದಾರಿ ಹಿಡಿದ ಎರಡು ಲೂಥೆರನ್ ಚರ್ಚುಗಳಿರುತ್ತವೆ, ಆದರೆ ಒಂದರವರು ಇನ್ನೊಂದಕ್ಕೆ ಕಾಲಿಡುವುದಿಲ್ಲ. ಯಾಕೆ ಎಂದು ಅವರು ಬಂದು ಕೇಳುತ್ತಾರೆ. ದೈವಶಾಸ್ತ್ರ ಓದುವ ಹುಡುಗರು ಇದನ್ನೇ ಬೇರೆ ತುದಿಯಿಂದ ಕೇಳುತ್ತಾರೆ. ಉತ್ತರದ ದೊಡ್ಡ ಪಾಲು 1970ರ ದಶಕದಲ್ಲಿ ಮಿಸೌರಿ ಸಿನಡ್ ಎಂಬ ಲೂಥೆರನ್ ಸಂಸ್ಥೆ ಸತ್ಯವೇದವನ್ನು (ಬೈಬಲನ್ನು) ಓದುವ ರೀತಿಯ ಜಗಳದಲ್ಲಿ ಒಡೆದ ಕಥೆಯಲ್ಲಿದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕಥೆ ಗೊತ್ತಿರುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## 1. ಮೊದಲು ಇಷ್ಟು ತಿಳಿದಿರಲಿ

ಮಿಸೌರಿ ಸಿನಡ್ ಅಂದ್ರೆ ಮಿಸೌರಿ ರಾಜ್ಯದ ಸಭೆ ಮಾತ್ರಾನಾ?

ಅಲ್ಲ. ಅಮೆರಿಕದುದ್ದಕ್ಕೂ ಸಭೆಗಳಿರುವ ದೊಡ್ಡ ಸಂಸ್ಥೆ ಅದು. ಪೂರ್ತಿ ಹೆಸರು ಲೂಥೆರನ್ ಚರ್ಚ್–ಮಿಸೌರಿ ಸಿನಡ್. ಜರ್ಮನಿಯ ಸ್ಯಾಕ್ಸನಿಯಲ್ಲಿ ಸರ್ಕಾರಿ ಚರ್ಚು ವಿಚಾರವಾದದ ಕಡೆ ವಾಲಿದೆ, ಅಲ್ಲಿ ತಮ್ಮ ನಂಬಿಕೆಗೆ ಜಾಗವಿಲ್ಲ ಎಂದು ಬೇಸತ್ತ ಸುಮಾರು 700 ಮಂದಿ 1838ರ ಕೊನೆಯಲ್ಲಿ ಹಡಗು ಹತ್ತಿದರು. ಐದು ಹಡಗುಗಳಲ್ಲಿ ಒಂದು ಸಮುದ್ರದಲ್ಲೇ ಕಾಣೆಯಾಯಿತು. ಉಳಿದವರು 1839ರಲ್ಲಿ ಮಿಸೌರಿಯ ಪೆರಿ ಕೌಂಟಿಯಲ್ಲಿ ನೆಲೆಯೂರಿದರು. ಇವರೂ ಬೇರೆ ಜರ್ಮನ್ ಲೂಥೆರನ್ನರೂ ಸೇರಿ 1847ರಲ್ಲಿ ಶಿಕಾಗೋದಲ್ಲಿ ಸಿನಡ್ ಕಟ್ಟಿದರು. ಮೊದಲ ಅಧ್ಯಕ್ಷ ಸಿ.ಎಫ್.ಡಬ್ಲ್ಯು. ವಾಲ್ಥರ್. ಈಗಿನ ಹೆಸರು ಬಂದದ್ದು ನೂರನೇ ವರ್ಷದಲ್ಲಿ, 1947ಕ್ಕೆ.

ಮುಂದಿನ ಜಗಳ ಅರ್ಥವಾಗಲು ಈ ಆರಂಭದ ಒಂದು ಪ್ರಸಂಗ ಬೇಕೇ ಬೇಕು. ವಲಸೆ ಬಂದವರ ನಾಯಕ ಮಾರ್ಟಿನ್ ಸ್ಟೀಫನ್. ಜನ ಅವನನ್ನು ಬಿಷಪ್ ಎಂದು ಒಪ್ಪಿಕೊಂಡಿದ್ದರು. ಬಂದ ಕೆಲವೇ ತಿಂಗಳಲ್ಲಿ ಹಣ ಮತ್ತು ನಡತೆಯ ಆರೋಪ ಹೊರಿಸಿ, ದೋಣಿಯಲ್ಲಿ ಕೂರಿಸಿ, ಮಿಸಿಸಿಪ್ಪಿಯ ಆಚೆ ದಡಕ್ಕೆ ಬಿಟ್ಟು ಬಂದರು. ಬಿಷಪ್ಪೇ ಇಲ್ಲದ ಮೇಲೆ ನಾವು ಸಭೆಯೇ ಹೌದೋ ಅಲ್ಲವೋ ಎಂಬ ಭಯ ಹಿಡಿಯಿತು. 1841ರಲ್ಲಿ ಆಲ್ಟೆನ್‌ಬರ್ಗ್ ಎಂಬ ಹಳ್ಳಿಯಲ್ಲಿ ನಡೆದ ವಾದದಲ್ಲಿ ವಾಲ್ಥರ್ ಉತ್ತರ ಕೊಟ್ಟ: ದೇವರ ವಾಕ್ಯವೂ ಸಂಸ್ಕಾರಗಳೂ ಎಲ್ಲಿವೆಯೋ ಅಲ್ಲಿ ಸಭೆ ಇದೆ, ಬಿಷಪ್ ಇರಲಿ ಬಿಡಲಿ. ಹಾಗಾಗಿ ಸಿನಡ್ಡಿನ ಸಂವಿಧಾನವೇ ಸಿನಡ್ಡನ್ನು ಸ್ಥಳೀಯ ಸಭೆಗಳಿಗೆ ಸಲಹೆ ಕೊಡುವ ಸಂಸ್ಥೆ ಎಂದು ಕರೆಯುತ್ತದೆ. ಸಲಹೆ ಕೊಡುವ ಸಂಸ್ಥೆ ಸಿದ್ಧಾಂತದ ವಿಷಯದಲ್ಲಿ ಆಜ್ಞೆ ಮಾಡಬಹುದೇ? 130 ವರ್ಷಗಳ ನಂತರ ಸಭೆ ಒಡೆದದ್ದು ಈ ಪ್ರಶ್ನೆಯ ಮೇಲೆ ಎಂಬುದು ನನ್ನ ಅಭಿಪ್ರಾಯ. ಸತ್ಯವೇದದಲ್ಲಿ ಬರುವ ಯೋನನನ್ನು ನುಂಗಿದ ಮೀನು, ಹವ್ವಳೊಡನೆ ಮಾತಾಡಿದ ಹಾವು, ಆರು ದಿನದ ಸೃಷ್ಟಿ ಎಲ್ಲ ಅದರ ಸುತ್ತ ಬಂದವು.

ಲಿಬರಲ್ ಅನ್ನೋದು ಬಿಟ್ಟು "ಮಾಡರೇಟ್" ಅಂತ ಯಾಕೆ ಕರೀತಾರೆ?

ಆ ಜಗಳದಲ್ಲಿ ಸೋತ ಪಕ್ಷದವರು ತಮ್ಮನ್ನು ಹಾಗೆ ಕರೆದುಕೊಂಡರು, ಅದೇ ಉಳಿಯಿತು. ಎದುರಿನ ಸಂಪ್ರದಾಯವಾದಿಗಳು ಅವರನ್ನು ಲಿಬರಲ್ ಎಂದೇ ಕರೆದರು. ಅಮೆರಿಕದ ಬೇರೆ ಪ್ರಾಟೆಸ್ಟಂಟ್ ಸಭೆಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಇವರು ಲಿಬರಲ್ ಅಲ್ಲವೇ ಅಲ್ಲ. ತ್ರಯೈಕ್ಯ, ಕನ್ಯೆಗೆ ಹುಟ್ಟಿದ ಕ್ರಿಸ್ತ, ಪುನರುತ್ಥಾನ, ಪ್ರಭುಭೋಜನದಲ್ಲಿ ಕ್ರಿಸ್ತನ ನಿಜವಾದ ಶರೀರ, ಶಿಶು ದೀಕ್ಷಾಸ್ನಾನ ಎಲ್ಲವನ್ನೂ ಒಪ್ಪುವವರು. ಸತ್ಯವೇದವನ್ನು ಓದುವ ರೀತಿ ಮತ್ತು ಬೇರೆ ಲೂಥೆರನ್ನರೊಡನೆ ಎಷ್ಟು ಬೆರೆಯಬಹುದು ಎಂಬ ಎರಡು ವಿಷಯಗಳಲ್ಲಿ ಸಡಿಲ. ಇತ್ತ ಸಂಪ್ರದಾಯವಾದಿಗಳನ್ನು ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟ್ ಮೂಲಭೂತವಾದಿಗಳ ಜೊತೆ ಸೇರಿಸಿಬಿಡುವುದೂ ತಪ್ಪು. ನಿಲುವಂಗಿ, ಮೇಣದಬತ್ತಿ, ಪೂಜಾವಿಧಿ ಎಲ್ಲ ಅವರಲ್ಲಿದೆ. ಬಿಯರ್ ಕುಡಿಯುವುದಕ್ಕೂ ತಕರಾರಿಲ್ಲ.

ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಕೂಡ ಲೂಥೆರನ್ ಅಲ್ವಾ? ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥೆರನ್ನರೂ ಕ್ಯಾಲ್ವಿನ್‌ನ ದಾರಿ ಹಿಡಿದ ರಿಫಾರ್ಮ್ಡ್ ಪಂಥದವರೂ ಒಟ್ಟಿಗೆ ಇದ್ದರು. ಮಿಸೌರಿಯವರಿಗೆ ಆಗದ ವಿಷಯವೇ ಅದು. ಬಾಸೆಲ್ ಸಭೆಗಳು ಬಹುತೇಕ ಸಿ.ಎಸ್.ಐ.ಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಹಾಗೆ ಬೇರೆ ಬೇರೆ ಪಂಥದವರು ಕೂಡಿ ಒಂದೇ ಸಭೆಯಾಗುವುದನ್ನೂ ಮಿಸೌರಿಯವರು ಒಪ್ಪುವುದಿಲ್ಲ. ಆದರೆ ಮಿಸೌರಿ ಸಿನಡ್ಡಿಗೆ ನಮ್ಮ ಪಕ್ಕದಲ್ಲೇ ಒಂದು ಕೊಂಡಿ ಇದೆ, ಅದನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ.

## 2. ನಡೆದದ್ದೇನು

ಒಗ್ಗಟ್ಟಾಗಿದ್ದ ಸಭೆಯಲ್ಲಿ ಜಗಳ ಎಲ್ಲಿಂದ ಹುಟ್ಟಿತು?

ಒಗ್ಗಟ್ಟಿಗೆ ಜರ್ಮನ್ ಭಾಷೆಯ ಬೇಲಿ ಕಾರಣವಾಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಆ ಬೇಲಿ ಬಿತ್ತು, ಮಕ್ಕಳು ಇಂಗ್ಲಿಷ್ ಕಲಿತು ಹೊರಗಿನ ವಿಶ್ವವಿದ್ಯಾಲಯಗಳಿಗೆ ಹೋದರು. 1932ರ 'ಸಂಕ್ಷಿಪ್ತ ಹೇಳಿಕೆ' ಸತ್ಯವೇದದಲ್ಲಿ ಯಾವ ತಪ್ಪೂ ಇಲ್ಲ, ಸೃಷ್ಟಿ ಆರು ದಿನದಲ್ಲಾಯಿತು ಎಂದು ಖಡಾಖಂಡಿತವಾಗಿ ಹೇಳಿತು. 1945ರಲ್ಲಿ 44 ಮಂದಿ ಪಾಸ್ಟರುಗಳೂ ಪ್ರಾಧ್ಯಾಪಕರೂ ಶಿಕಾಗೋದಲ್ಲಿ ಸೇರಿ, ಸಿನಡ್ಡಿನಲ್ಲಿ ಪ್ರೀತಿ ಕಡಿಮೆಯಾಗಿದೆ, ಬೇರೆ ಲೂಥೆರನ್ನರನ್ನು ಅಸ್ಪೃಶ್ಯರಂತೆ ಕಾಣುತ್ತಿದ್ದೇವೆ ಎಂಬರ್ಥದ ಹೇಳಿಕೆಗೆ ಸಹಿ ಹಾಕಿದರು. ಬಿರುಕು ಹೊರಗೆ ಕಂಡದ್ದು ಆಗ.

1959ರ ಸ್ಯಾನ್ ಫ್ರಾನ್ಸಿಸ್ಕೋ ಅಧಿವೇಶನ ಇಂಥ ಹೇಳಿಕೆಗಳಿಗೆ ಪಾಸ್ಟರುಗಳೂ ಪ್ರಾಧ್ಯಾಪಕರೂ ಬದ್ಧರಾಗಿರಬೇಕು ಎಂದು ನಿರ್ಣಯ ಮಾಡಿತು. 1962ರ ಕ್ಲೀವ್‌ಲ್ಯಾಂಡ್ ಅಧಿವೇಶನ ಅದೇ ನಿರ್ಣಯವನ್ನು ಸಂವಿಧಾನಕ್ಕೆ ವಿರುದ್ಧ ಎಂದು ತೆಗೆದುಹಾಕಿತು. ಹಿಂದಿಗೂ ಮುಂದಿಗೂ ಈ ಎಳೆದಾಟ ಶುರುವಾದದ್ದು ಹೀಗೆ.

ಇದರ ನಡುವೆ ಹರ್ಮನ್ ಆಟನ್ ಎಂಬ ವಿದ್ಯಾರ್ಥಿ ಸಿನಡ್ಡಿನ ಪಾಸ್ಟರುಗಳನ್ನು ತಯಾರುಮಾಡುವ ಸೇಂಟ್ ಲೂಯಿಸ್‌ನ ಕಾನ್‌ಕಾರ್ಡಿಯಾ ಸೆಮಿನರಿಯ ಪ್ರಾಧ್ಯಾಪಕರ ಮೇಲೆ ತಪ್ಪು ಬೋಧನೆಯ ದೂರು ಹೊರಿಸಿದ. ಸೆಮಿನರಿ ಅವನಿಗೆ ಪಾಸ್ಟರ್ ಆಗಲು ಅರ್ಹತಾಪತ್ರ ಕೊಡಲಿಲ್ಲ. ಅವನು ಸುಮ್ಮನಿರಲಿಲ್ಲ. ಮಿಸೌರಿಯ ನ್ಯೂ ಹೇವನ್‌ನಲ್ಲಿ ಒಂದು ಸಭೆ ನೋಡಿಕೊಂಡು 1962ರಿಂದ ಪತ್ರಿಕೆ ನಡೆಸಿದ. ಯಾವ ಪ್ರಾಧ್ಯಾಪಕ ತರಗತಿಯಲ್ಲಿ ಏನು ಹೇಳಿದ ಎಂಬುದು ಹಳ್ಳಿ ಹಳ್ಳಿಯ ಪಾಸ್ಟರುಗಳ ಮನೆ ಮುಟ್ಟಿತು. ಸೆಮಿನರಿಯವರು ಅದನ್ನು ಚೀಪು ಪತ್ರಿಕೆ ಎಂದು ತಳ್ಳಿಹಾಕಿದರು, ಜನ ಓದಿದರು.

1969ರಲ್ಲಿ ಏನಾಯ್ತು? ಎಲ್ಲರೂ ಆ ವರ್ಷದ ಹೆಸರೇ ಹೇಳ್ತಾರಲ್ಲ?

ಎರಡು ನೇಮಕಗಳಾದವು. ಸಭೆಗಳ ನಡುವಿನ ಸಂಬಂಧಗಳ ಬಗ್ಗೆ ಉತ್ಸಾಹವಿದ್ದ ಜಾನ್ ಟೀಟ್ಯೆನ್ ಕಾನ್‌ಕಾರ್ಡಿಯಾ ಸೆಮಿನರಿಯ ಅಧ್ಯಕ್ಷನಾದ. ಕೆಲವೇ ವಾರಗಳ ನಂತರ ಡೆನ್ವರ್ ಅಧಿವೇಶನದಲ್ಲಿ ಆಲಿವರ್ ಹಾರ್ಮ್ಸ್ ಅವರನ್ನು ಸೋಲಿಸಿ ಜೆ.ಎ.ಓ. ಪ್ರೂಸ್ ಸಿನಡ್ಡಿನ ಅಧ್ಯಕ್ಷನಾದ. ಪ್ರೂಸ್ ಸ್ಪ್ರಿಂಗ್‌ಫೀಲ್ಡ್‌ನ ಇನ್ನೊಂದು ಸೆಮಿನರಿಯ ಮುಖ್ಯಸ್ಥನಾಗಿದ್ದವನು, ಮಿನೆಸೋಟದ ಮಾಜಿ ಗವರ್ನರ್ ಒಬ್ಬರ ಮಗ. ರಾಜಕೀಯ ಅವನಿಗೆ ಮನೆಪಾಠ.

ತಮಾಷೆಯೆಂದರೆ ಅದೇ ಡೆನ್ವರ್ ಅಧಿವೇಶನ ಅಮೆರಿಕನ್ ಲೂಥೆರನ್ ಚರ್ಚ್ ಎಂಬ ಇನ್ನೊಂದು ಸಂಸ್ಥೆಯ ಜೊತೆ ಪ್ರಸಂಗಪೀಠ, ಪ್ರಭುಭೋಜನ ಹಂಚಿಕೊಳ್ಳಲು ಒಪ್ಪಿತು. ಸಭೆಯ ಮತದಾನದಲ್ಲಿ ಹೆಂಗಸರೂ ಭಾಗವಹಿಸಬಹುದು ಎಂದಿತು. ಸಂಪ್ರದಾಯವಾದಿ ಅಧ್ಯಕ್ಷ, ಮಾಡರೇಟ್ ನಿರ್ಣಯಗಳು, ಎರಡೂ ಒಂದೇ ವಾರ.

ಪ್ರಾಧ್ಯಾಪಕರನ್ನ ಪೊಲೀಸ್ ವಿಚಾರಣೆ ಥರ ಕೂರಿಸಿ ಪ್ರಶ್ನೆ ಕೇಳಿದ್ರಂತೆ, ನಿಜಾನಾ?

ಪೊಲೀಸ್ ಎನ್ನುವುದು ಅತಿಯಾಯಿತು, ವಿಚಾರಣೆ ನಡೆದದ್ದು ನಿಜ. ಪ್ರೂಸ್ 1970ರಲ್ಲಿ ಸತ್ಯಶೋಧನಾ ಸಮಿತಿ ನೇಮಿಸಿದ. ಪ್ರಾಧ್ಯಾಪಕರನ್ನು ಒಬ್ಬೊಬ್ಬರಾಗಿ ಕರೆದು, ಟೇಪ್ ರೆಕಾರ್ಡರ್ ಇಟ್ಟು ಮಾತಾಡಿಸಿದರು. ಆದಾಮ ನಿಜವಾದ ಮನುಷ್ಯನೇ, ಮೋಶೆ ಬರೆದದ್ದೆಷ್ಟು, ಪವಾಡಗಳು ನಡೆದವೇ ಎಂಬಂಥ ಪ್ರಶ್ನೆಗಳು. 1972ರ ಮಾರ್ಚ್‌ನಲ್ಲಿ ಪ್ರೂಸ್ ತನ್ನದೇ ಸಿದ್ಧಾಂತ ಹೇಳಿಕೆ ಹೊರಡಿಸಿದ, ಸೆಪ್ಟೆಂಬರ್‌ನಲ್ಲಿ ಸಮಿತಿಯ ವರದಿ ಆಧರಿಸಿದ ಪುಸ್ತಿಕೆ ಬಂತು. ರಟ್ಟಿನ ಬಣ್ಣದಿಂದ ಅದಕ್ಕೆ 'ನೀಲಿ ಪುಸ್ತಕ' ಎಂದೇ ಹೆಸರು ಬಿತ್ತು. ಇದು ಸತ್ಯಶೋಧನೆಯೋ ತಪ್ಪುಶೋಧನೆಯೋ ಎಂದು ಟೀಟ್ಯೆನ್ ತಿರುಗೇಟು ಕೊಟ್ಟ.

ನ್ಯೂ ಆರ್ಲಿಯನ್ಸ್‌ನಲ್ಲಿ ವೋಟು ಹಾಕಿ ಸಿದ್ಧಾಂತ ತೀರ್ಮಾನ ಮಾಡಿದ್ರು ಅಂದ್ರೆ ನಂಬೋಕಾಗಲ್ಲ.

ನಂಬಿ. 1973ರ ಜುಲೈನಲ್ಲಿ ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಸೇರಿದ್ದರು, ಅರ್ಧ ಪಾಸ್ಟರುಗಳು, ಅರ್ಧ ಸಾಮಾನ್ಯ ಸದಸ್ಯರು. ಪ್ರೂಸ್ ಮೊದಲ ಸುತ್ತಿನಲ್ಲೇ ಮತ್ತೆ ಗೆದ್ದ. ಅವನ ಹೇಳಿಕೆ ಸತ್ಯವೇದಕ್ಕೂ ಲೂಥೆರನ್ ನಂಬಿಕೆಯ ಗ್ರಂಥಗಳಿಗೂ ಅನುಗುಣವಾಗಿದೆ ಎಂಬ ನಿರ್ಣಯ 562–455ರಲ್ಲಿ ಪಾಸಾಯಿತು. ಸೆಮಿನರಿಯ ಬಹುಪಾಲು ಅಧ್ಯಾಪಕರು ಸುಳ್ಳು ಸಿದ್ಧಾಂತ ಬೋಧಿಸುತ್ತಿದ್ದಾರೆ, ಅದನ್ನು ದೇವರ ಸಭೆಯಲ್ಲಿ ಸಹಿಸಲಾಗದು ಎಂಬ ನಿರ್ಣಯ 574–451ರಲ್ಲಿ. 'ಸಹಿಸಲಾಗದು' ಎಂಬ ಮಾತನ್ನು ಲೂಥೆರನ್ನರ ಹಳೆಯ ನಂಬಿಕೆ ಹೇಳಿಕೆಗಳಲ್ಲೊಂದಾದ 1577ರ ಫಾರ್ಮುಲಾ ಆಫ್ ಕಾನ್‌ಕಾರ್ಡ್‌ನಿಂದ ಎತ್ತಿದ್ದರು. ಸೋತ ಪ್ರತಿನಿಧಿಗಳು ಎದ್ದು, ಕೀರ್ತನೆ ಹಾಡುತ್ತ ಸಾಲಾಗಿ ವೇದಿಕೆಯತ್ತ ನಡೆದು, ತಮ್ಮ ವಿರೋಧವನ್ನು ದಾಖಲಿಸಲು ಹೆಸರು ಬರೆದುಕೊಟ್ಟರು.

ಎರಡೂ ಅಂಕಿಗಳನ್ನು ಗಮನಿಸಿ. ನೂರಕ್ಕೆ 44–45 ಮಂದಿ ಬೇಡ ಎಂದಿದ್ದಾರೆ. ಒಂದು ಸಭೆಯ ಹೆಚ್ಚುಕಡಿಮೆ ಅರ್ಧ ಜನ ಒಪ್ಪದ ವಿಷಯವನ್ನು ಇಡೀ ಸಭೆಯ ನಂಬಿಕೆ ಎಂದು ಸಾರುವುದು ಎಷ್ಟು ಸರಿ? ವಿಷಯ ಸರಿಯಿದ್ದರೂ ದಾರಿ ಸರಿಯಿರಲಿಲ್ಲ ಎನ್ನುವವರು ಸಂಪ್ರದಾಯವಾದಿಗಳಲ್ಲೂ ಇದ್ದಾರೆ, ನಾನು ಅವರ ಮಾತನ್ನು ಒಪ್ಪುತ್ತೇನೆ. ಈ ನಿರ್ಣಯಗಳಿಗಿಂತ ಹೆಚ್ಚು ಪರಿಣಾಮ ಬೀರಿದ್ದು ಅದೇ ಅಧಿವೇಶನದ ಇನ್ನೊಂದು ಸದ್ದಿಲ್ಲದ ಚುನಾವಣೆ. ಸೆಮಿನರಿಯ ಆಡಳಿತ ಮಂಡಳಿಯಲ್ಲಿ ಬಹುಮತ ಸಂಪ್ರದಾಯವಾದಿಗಳ ಕೈಗೆ ಬಂತು.

ವಿದ್ಯಾರ್ಥಿಗಳೇ ಕಾಲೇಜು ಬಿಟ್ಟು ನಡೆದುಬಿಟ್ಟರು ಅನ್ನೋ ಕಥೆ ಹೇಳಿ.

ಹೊಸ ಮಂಡಳಿ 1974ರ ಜನವರಿ 20ರಂದು ಟೀಟ್ಯೆನ್ ಅವರನ್ನು ಅಮಾನತು ಮಾಡಿತು. ಮರುದಿನ ವಿದ್ಯಾರ್ಥಿಗಳು ಸೇರಿ, ಯಾವ ಪ್ರಾಧ್ಯಾಪಕ ಸುಳ್ಳುಬೋಧಕ, ಯಾರಲ್ಲ ಎಂದು ಹೆಸರು ಹಿಡಿದು ಹೇಳುವ ತನಕ ತರಗತಿಗೆ ಬರುವುದಿಲ್ಲ ಎಂದು ಬಹುಮತದಿಂದ ತೀರ್ಮಾನಿಸಿದರು. ಅಧ್ಯಾಪಕರೂ, ಟೀಟ್ಯೆನ್ ಅಮಾನತಾದರೆ ನಾವೂ ಆದಂತೆಯೇ ಎಂದು ಪಾಠ ನಿಲ್ಲಿಸಿದರು. ಫೆಬ್ರವರಿ ನಡುವಿನ ಒಳಗೆ ಕೆಲಸಕ್ಕೆ ಬರಲು ಒಪ್ಪದಿದ್ದರೆ ಕೆಲಸವೂ ಇಲ್ಲ, ಕ್ಯಾಂಪಸ್ಸಿನ ಮನೆಯೂ ಇಲ್ಲ ಎಂದು ಮಂಡಳಿ ಗಡುವು ಕೊಟ್ಟಿತು. ಅವರು ಬರಲಿಲ್ಲ.

ಫೆಬ್ರವರಿ 19. ವಿದ್ಯಾರ್ಥಿಗಳು ಅಂಗಳದ ಹುಲ್ಲಿನಲ್ಲಿ ಬಿಳಿ ಮರದ ಶಿಲುಬೆಗಳನ್ನು ನೆಟ್ಟರು, ಒಂದೊಂದರ ಮೇಲೂ ಹೊರಟವರ ಒಂದೊಂದು ಹೆಸರು. ಮೆರವಣಿಗೆ ಹೊರಟಿತು, ದ್ವಾರಕ್ಕೆ ಹಲಗೆ ಹೊಡೆದು 'ಗಡಿಪಾರು' ಎಂದು ದೊಡ್ಡಕ್ಷರದಲ್ಲಿ ಬರೆದರು. ಟಿವಿ ಕ್ಯಾಮೆರಾಗಳು ಕಾದಿದ್ದವು. ಸುಮಾರು 50 ಬೋಧಕ ಮತ್ತು ಆಡಳಿತ ಸಿಬ್ಬಂದಿಯಲ್ಲಿ 45 ಮಂದಿ, ಸುಮಾರು 400 ವಿದ್ಯಾರ್ಥಿಗಳು ಹೊರಟರು. ಮರುದಿನವೇ ಪಾಠ ಶುರು, ಜಾಗ ಕೊಟ್ಟವರು ಕ್ಯಾಥೊಲಿಕ್ ಜೆಸುವಿಟರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ಮತ್ತು ಈಡನ್ ಸೆಮಿನರಿ. ಲೂಥರನ ಮಕ್ಕಳಿಗೆ ಜೆಸುವಿಟರು ಬಾಗಿಲು ತೆರೆದದ್ದನ್ನು ಎರಡೂ ಪಕ್ಷದವರು ತಮಗೆ ಬೇಕಾದ ಹಾಗೆ ವ್ಯಾಖ್ಯಾನಿಸಿದರು.

ಹೊಸ ಸಂಸ್ಥೆಗೆ 'ಗಡಿಪಾರಾದ ಕಾನ್‌ಕಾರ್ಡಿಯಾ ಸೆಮಿನರಿ' ಎಂದು ಹೆಸರು, ಚಿಕ್ಕದಾಗಿ ಸೆಮಿನೆಕ್ಸ್. ಇದು ನಾಟಕವೂ ಆಗಿತ್ತು, ನೋವೂ ಆಗಿತ್ತು. ಸಂಬಳ, ಮನೆ, ಪಿಂಚಣಿ ಬಿಟ್ಟು ಹೊರಟ ಮಧ್ಯವಯಸ್ಸಿನ ಪ್ರಾಧ್ಯಾಪಕರನ್ನು ಬರೀ ನಾಟಕದವರು ಎನ್ನಲು ಬರುವುದಿಲ್ಲ.

ಉಳಿದುಕೊಂಡ ಐದು ಜನ ಯಾರು?

ಮಾರ್ಟಿನ್ ಶಾರ್ಲೆಮನ್, ರಾಬರ್ಟ್ ಪ್ರೂಸ್ (ಸಿನಡ್ ಅಧ್ಯಕ್ಷನ ತಮ್ಮ), ರಾಲ್ಫ್ ಬೋಲ್‌ಮನ್, ರಿಚರ್ಡ್ ಕ್ಲಾನ್, ಲೊರೆಂಜ್ ವುಂಡರ್‌ಲಿಚ್. ಇವರಲ್ಲಿ ಶಾರ್ಲೆಮನ್ ಕಥೆ ವಿಚಿತ್ರ. 1950ರ ದಶಕದ ಕೊನೆಗೆ ಸತ್ಯವೇದದ ದೋಷರಾಹಿತ್ಯವನ್ನು ಪ್ರಶ್ನಿಸುವ ಪ್ರಬಂಧ ಮಂಡಿಸಿ ಮೊದಲು ಗುಲ್ಲೆಬ್ಬಿಸಿದವನೇ ಅವನು. 1962ರಲ್ಲಿ ವಿಷಾದ ವ್ಯಕ್ತಪಡಿಸಿ ಪ್ರಬಂಧಗಳನ್ನು ಹಿಂತೆಗೆದುಕೊಂಡಿದ್ದ. ಹನ್ನೆರಡು ವರ್ಷ ಕಳೆದ ಮೇಲೆ ಖಾಲಿ ಕ್ಯಾಂಪಸ್ಸಿಗೆ ಹಂಗಾಮಿ ಅಧ್ಯಕ್ಷನಾಗಿ ಕೂತ.

ಹೊರಗೆ ಹೋದವರ ಗತಿ ಏನಾಯ್ತು?

ಮೊದಲ ತಂಡಕ್ಕೆ ಡಿಗ್ರಿ ಕೊಟ್ಟದ್ದು ಶಿಕಾಗೋದ ಲೂಥೆರನ್ ಸ್ಕೂಲ್ ಆಫ್ ಥಿಯಾಲಜಿ. ಡಿಗ್ರಿ ಸಿಕ್ಕರೂ ಸಿನಡ್ಡಿನ ನಿಯಮದಂತೆ ಪಾಸ್ಟರ್ ಆಗಲು ಮಾನ್ಯ ಸೆಮಿನರಿಯ ಅರ್ಹತಾಪತ್ರ ಬೇಕು. ಅದಿಲ್ಲದವರಿಗೂ ಅಭಿಷೇಕ ಮಾಡಿಸಿದ ನಾಲ್ವರು ಜಿಲ್ಲಾಧ್ಯಕ್ಷರನ್ನು, ಅಂದರೆ ಸಿನಡ್ಡಿನ ಪ್ರಾದೇಶಿಕ ವಿಭಾಗಗಳ ಮುಖ್ಯಸ್ಥರನ್ನು, ಪ್ರೂಸ್ 1976ರ ಏಪ್ರಿಲ್‌ನಲ್ಲಿ ಪದವಿಯಿಂದ ತೆಗೆದ. ಅದೇ ಡಿಸೆಂಬರ್‌ನಲ್ಲಿ ಮಾಡರೇಟರು ಎ.ಇ.ಎಲ್.ಸಿ. (ಅಸೋಸಿಯೇಷನ್ ಆಫ್ ಇವ್ಯಾಂಜೆಲಿಕಲ್ ಲೂಥೆರನ್ ಚರ್ಚಸ್) ಎಂಬ ಬೇರೆ ಸಂಸ್ಥೆ ಕಟ್ಟಿದರು. ಸೇರಿದ್ದು ಸುಮಾರು 250 ಸಭೆಗಳು, ಒಂದು ಲಕ್ಷದಷ್ಟು ಜನ. ನ್ಯೂ ಆರ್ಲಿಯನ್ಸ್‌ನಲ್ಲಿ ನೂರಕ್ಕೆ 45 ಮತ ಇತ್ತಲ್ಲ, ಹೊರಗೆ ಬಂದವರು ನೂರಕ್ಕೆ ನಾಲ್ಕೂ ಇಲ್ಲ. ಮತ ಹಾಕುವುದು ಬೇರೆ, ಅಜ್ಜ ಕಟ್ಟಿದ ಚರ್ಚನ್ನೂ ಅದರ ಹಿಂದಿನ ಸ್ಮಶಾನವನ್ನೂ ಬಿಟ್ಟು ಬರುವುದು ಬೇರೆ.

ಸೆಮಿನೆಕ್ಸ್ 1977ರಲ್ಲಿ ಕ್ರೈಸ್ಟ್ ಸೆಮಿನರಿ ಎಂದು ಹೆಸರು ಬದಲಿಸಿ, 1983ರಲ್ಲಿ ಶಿಕಾಗೋಗೆ ಹೋಗಿ ಅಲ್ಲಿನ ಸೆಮಿನರಿಯಲ್ಲಿ ಕರಗಿತು. ಎ.ಇ.ಎಲ್.ಸಿ. ಚಿಕ್ಕದಾದರೂ ಸುಮ್ಮನೆ ಕೂರಲಿಲ್ಲ. ಬೇರೆ ಎರಡು ದೊಡ್ಡ ಲೂಥೆರನ್ ಸಂಸ್ಥೆಗಳನ್ನು ಒಂದಾಗಲು ಅದು ಒತ್ತಾಯಿಸಿತು, ಮೂರೂ ಸೇರಿ 1988ರ ಜನವರಿ 1ರಂದು ಇವ್ಯಾಂಜೆಲಿಕಲ್ ಲೂಥೆರನ್ ಚರ್ಚ್ ಇನ್ ಅಮೆರಿಕ, ಅಂದರೆ ಇ.ಎಲ್.ಸಿ.ಎ., ಹುಟ್ಟಿತು. ನಿಮ್ಮ ಮಗಳ ಊರಿನ ಎರಡನೇ ಚರ್ಚು ಹೆಚ್ಚಾಗಿ ಇದೇ.

## 3. ಸಿದ್ಧಾಂತದ ಒಳಗೆ

ಯೋನನನ್ನ ಮೀನು ನುಂಗಿತೋ ಇಲ್ಲವೋ ಅನ್ನೋದಕ್ಕೆ ಇಷ್ಟು ದೊಡ್ಡ ಜಗಳಾನಾ?

ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಯೋನನ ಪುಸ್ತಕ ಚರಿತ್ರೆಯಲ್ಲ, ದೇವರ ಕರುಣೆಯನ್ನು ಸಾರುವ ದೃಷ್ಟಾಂತ ಎಂದು ಒಬ್ಬ ಪ್ರಾಧ್ಯಾಪಕ ಹೇಳುತ್ತಾನೆ. ಸಂಪ್ರದಾಯವಾದಿ ತಕ್ಷಣ ಮತ್ತಾಯ 12:40 ತೆಗೆಯುತ್ತಾನೆ. ಯೋನನು ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಹಾಗೆ ಮನುಷ್ಯಕುಮಾರನೂ ಮೂರು ದಿನ ಭೂಮಿಯೊಳಗಿರುವನು ಎಂದು ಸ್ವತಃ ಯೇಸು ಹೇಳಿದ್ದಾನೆ, ಮೀನು ಕಥೆಯಾದರೆ ಸಮಾಧಿಯ ಗತಿಯೇನು? ಬಾವಿಯ ಕಟ್ಟಡದಲ್ಲಿ ಒಂದು ಕಲ್ಲು ಕಿತ್ತರೆ ಮೇಲಿನದೆಲ್ಲ ಕುಸಿಯುತ್ತದೆ ಎಂಬುದು ಅವನ ಭಯ. ಪ್ರಾಧ್ಯಾಪಕನ ಉತ್ತರ: ಯೇಸು ತನ್ನ ಕೇಳುಗರಿಗೆ ಗೊತ್ತಿದ್ದ ಕಥೆಯನ್ನು ಬಳಸಿದ, ಒಳ್ಳೆಯ ಸಮಾರ್ಯದವನ ಕಥೆ ನಡೆದಿರಬೇಕು ಎಂದು ಯಾರೂ ಹಟ ಹಿಡಿಯುವುದಿಲ್ಲವಲ್ಲ.

ಇಬ್ಬರೂ ಮೀನಿನ ಬಗ್ಗೆ ಮಾತಾಡುತ್ತಿಲ್ಲ. ಒಂದು ಪಠ್ಯ ಚರಿತ್ರೆಯೋ ಕಥೆಯೋ ಎಂದು ನಿರ್ಧರಿಸುವ ಹಕ್ಕು ಪಠ್ಯದ್ದೋ, ಓದುವ ವಿದ್ವಾಂಸನದೋ, ಸಭೆಯದೋ ಎಂಬುದು ನಿಜವಾದ ಪ್ರಶ್ನೆ.

ಚಾರಿತ್ರಿಕ ವಿಮರ್ಶೆಯ ವಿಧಾನ ಅಂದ್ರೆ ಏನು? ಅದರಲ್ಲಿ ಅಂಥ ತಪ್ಪೇನಿದೆ?

ಸತ್ಯವೇದದ ಪುಸ್ತಕಗಳನ್ನು ಬೇರೆ ಪುರಾತನ ಗ್ರಂಥಗಳನ್ನು ಓದುವ ಹಾಗೆಯೇ ಓದುವ ಕ್ರಮ ಅದು. ಯಾರು ಬರೆದರು, ಯಾವಾಗ, ಯಾವ ಮೂಲಗಳನ್ನು ಜೋಡಿಸಿದರು, ಯಾವ ಪ್ರಕಾರದ ಬರಹ ಎಂದು ಕೇಳುತ್ತದೆ. ಮೋಶೆಯ ಐದು ಪುಸ್ತಕಗಳಲ್ಲಿ ಹಲವು ಕೈಗಳಿವೆ, ಯೆಶಾಯನ ಪುಸ್ತಕದ 40ನೇ ಅಧ್ಯಾಯದಿಂದ ಮುಂದಿನದು ಬೇರೆ ಕಾಲದ್ದು ಎಂಬವು ಅದರ ಹೆಸರಾಂತ ತೀರ್ಮಾನಗಳು. ಪಂಪಭಾರತದ ಹಸ್ತಪ್ರತಿಗಳನ್ನು ಶೋಧಿಸಿದವರ ಕೆಲಸ ಬಲ್ಲ ಕನ್ನಡದ ಓದುಗರಿಗೆ ಇದರಲ್ಲಿ ಗಾಬರಿಪಡುವಂಥದ್ದು ಕಾಣಲಿಕ್ಕಿಲ್ಲ.

ಸಂಪ್ರದಾಯವಾದಿಗಳು ವ್ಯಾಕರಣ, ಇತಿಹಾಸ, ಹಸ್ತಪ್ರತಿ ಅಧ್ಯಯನ ಯಾವುದನ್ನೂ ಬೇಡ ಎನ್ನಲಿಲ್ಲ. ಅವರ ಆಕ್ಷೇಪ ಈ ವಿಧಾನದ ಒಳಗಿನ ಪೂರ್ವಗ್ರಹಕ್ಕೆ. ಪವಾಡ ಆಗದು, ಮುಂದಾಗುವುದನ್ನು ಪ್ರವಾದಿ ಹೇಳಲಾರ ಎಂದು ಮೊದಲೇ ಇಟ್ಟುಕೊಂಡು ಹೊರಟರೆ ಸಿಗುವ ಉತ್ತರವೂ ಅದೇ ಅಲ್ಲವೇ ಎಂದು ಕೇಳಿದರು. ಇದು ಗಟ್ಟಿಯಾದ ಪ್ರಶ್ನೆ. ಮಾಡರೇಟರು, ಉಪಕರಣ ಬೇರೆ, ಅದನ್ನು ಹಿಡಿದವನ ನಂಬಿಕೆ ಬೇರೆ, ಲೂಥೆರನ್ ನಂಬಿಕೆಯಿಂದಲೇ ಇದನ್ನು ಬಳಸುತ್ತೇವೆ ಎಂದರು. ಉಪಕರಣ ಹಾಗೆ ತಟಸ್ಥವಾಗಿ ಕೈಯಲ್ಲಿ ಉಳಿಯುತ್ತದೆಯೇ ಎಂಬುದಕ್ಕೆ ಅವರು ಪೂರ್ತಿ ಉತ್ತರ ಕೊಟ್ಟರು ಎಂದು ನನಗನ್ನಿಸುವುದಿಲ್ಲ.

ಸುವಾರ್ತೆ ಒಂದಿದ್ರೆ ಸಾಕು, ಉಳಿದದ್ದು ಏನಾದ್ರೂ ಆಗಲಿ ಅಂತ ಅವರು ಹೇಳ್ತಿದ್ರಾ?

ಹಾಗೆಂದು ಎದುರಾಳಿಗಳು ಆಪಾದಿಸಿದರು. ಮಾಡರೇಟರ ವಾದಕ್ಕೆ ಲೂಥೆರನ್ ಬೇರು ಆಳವಾಗಿಯೇ ಇದೆ. ಸತ್ಯವೇದದ ಅಧಿಕಾರ ಬರುವುದು ಅದು ಕ್ರಿಸ್ತನನ್ನು ತಂದುಕೊಡುವುದರಿಂದ. ಧರ್ಮಶಾಸ್ತ್ರವೆಂದರೆ ದೇವರ ಬೇಡಿಕೆ, ಸುವಾರ್ತೆಯೆಂದರೆ ದೇವರ ಕೊಡುಗೆ. ಎರಡನ್ನೂ ಬೇರೆಬೇರೆಯಾಗಿ ಕಾಣಿಸುವುದೇ ದೈವಶಾಸ್ತ್ರದ ಕೆಲಸ, ವಾಲ್ಥರ್ ಬದುಕಿನುದ್ದಕ್ಕೂ ಕಲಿಸಿದ್ದು ಅದನ್ನೇ. ಹೀಗಿರುವಾಗ ಆದಾಮನ ಚಾರಿತ್ರಿಕತೆಯನ್ನು ನಂಬಲೇಬೇಕೆಂದು ಷರತ್ತು ಹಾಕಿದರೆ ಅದು ಕೃಪೆಯ ಮೇಲೆ ಹೊಸ ಧರ್ಮಶಾಸ್ತ್ರವನ್ನು ಹೇರಿದಂತೆ ಎಂದರು. 1530ರ ಆಗ್ಸ್‌ಬರ್ಗ್ ನಂಬಿಕೆ ಹೇಳಿಕೆಯ ಏಳನೇ ಕಲಮು ಅವರ ಬೆನ್ನಿಗಿತ್ತು: ಸಭೆಯ ಐಕ್ಯಕ್ಕೆ ಸುವಾರ್ತೆಯ ಬೋಧನೆಯಲ್ಲೂ ಸಂಸ್ಕಾರಗಳ ನಿರ್ವಹಣೆಯಲ್ಲೂ ಒಮ್ಮತವಿದ್ದರೆ ಸಾಕು.

ಸಂಪ್ರದಾಯವಾದಿಗಳು ಅದೇ ಕಲಮನ್ನೇ ಹಿಡಿದು, ಸುವಾರ್ತೆ 'ಶುದ್ಧವಾಗಿ' ಬೋಧಿಸಲ್ಪಡಬೇಕು ಎಂದಿದೆಯಲ್ಲ, ಶುದ್ಧ ಎಂದರೆ ಎಲ್ಲ ವಿಷಯಗಳಲ್ಲೂ ಎಂದರು. ಸುವಾರ್ತೆಯೊಂದೇ ಅಳತೆಗೋಲಾದರೆ ದೇವರ ಆಜ್ಞೆಗಳಿಗೆ ಕ್ರೈಸ್ತನ ಬದುಕಿನಲ್ಲಿ ಯಾವ ಜಾಗ ಉಳಿಯುತ್ತದೆ? ನಾಳೆ ಮದುವೆ, ಲೈಂಗಿಕತೆ, ಯಾಜಕತ್ವ ಯಾವುದನ್ನಾದರೂ ಸುವಾರ್ತೆಗೆ ಸಂಬಂಧವಿಲ್ಲ ಎಂದು ಬಿಟ್ಟುಬಿಡಬಹುದಲ್ಲ? ಇದನ್ನು ಅವರು 1970ರ ದಶಕದಲ್ಲೇ ಕೇಳಿದರು. ಅದು ದಿಟವಾಯಿತೋ ಇಲ್ಲವೋ ಎಂಬುದಕ್ಕೆ ನಿಮ್ಮ ಉತ್ತರ ನೀವು ಯಾವ ಚರ್ಚಿನಲ್ಲಿ ಕೂತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ.

ಸಂವಿಧಾನದಲ್ಲಿ ನಂಬಿಕೆಯ ವಿಷಯ ಬರೆದೇ ಇದೆಯಲ್ಲ, ಮತ್ತೆ ಹೊಸ ಹೇಳಿಕೆ ಯಾಕೆ ಬೇಕಾಯ್ತು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಅಪರೂಪಕ್ಕೆ ಯಾರಾದರೂ ಕೇಳುತ್ತಾರೆ. ಸಿನಡ್ಡಿನ ಸಂವಿಧಾನದ ಎರಡನೇ ಕಲಮು ಎರಡನ್ನು ಮಾತ್ರ ಬೇಡುತ್ತದೆ: ಸತ್ಯವೇದ ದೇವರ ಲಿಖಿತ ವಾಕ್ಯ, ನಂಬಿಕೆಗೂ ನಡತೆಗೂ ಅದೊಂದೇ ಅಳತೆ, ಮತ್ತು 1580ರಲ್ಲಿ ಲೂಥೆರನ್ ನಂಬಿಕೆ ಹೇಳಿಕೆಗಳನ್ನು ಒಟ್ಟುಗೂಡಿಸಿದ ಬುಕ್ ಆಫ್ ಕಾನ್‌ಕಾರ್ಡ್‌ನ ಎಲ್ಲ ಬರಹಗಳೂ ಆ ವಾಕ್ಯದ ಸರಿಯಾದ ವಿವರಣೆ. ಪ್ರಾಧ್ಯಾಪಕರು, ಇದಕ್ಕೆ ನಾವು ಪ್ರಮಾಣ ಮಾಡಿದ್ದೇವೆ, ಇನ್ನೇನು ಬೇಕು ಎಂದರು. ಬುಕ್ ಆಫ್ ಕಾನ್‌ಕಾರ್ಡ್‌ನಲ್ಲಿ ಯೋನನ ಮೀನಿನ ಬಗ್ಗೆ ಕಲಮಿಲ್ಲ.

ಪ್ರೂಸ್ ಪಕ್ಷದ ಉತ್ತರ: ಇಬ್ಬರೂ ಒಂದೇ ಕಲಮಿಗೆ ಪ್ರಮಾಣ ಮಾಡಿ ಅದರಲ್ಲಿ ಬೇರೆಬೇರೆ ಅರ್ಥ ಇಟ್ಟುಕೊಂಡರೆ ಅರ್ಥವನ್ನು ಸಭೆ ಸ್ಪಷ್ಟಪಡಿಸಲೇಬೇಕು. 1577ರಲ್ಲಿ ಲೂಥೆರನ್ನರು ಮಾಡಿದ್ದೂ ಅದೇ, 1530ರ ಹೇಳಿಕೆಯ ಅರ್ಥಕ್ಕೆ ಜಗಳ ಬಂದಾಗ ಹೊಸದಾಗಿ ಬರೆದರು.

ಇಲ್ಲೊಂದು ವ್ಯತ್ಯಾಸವಿದೆ. 1577ರ ಬರಹಕ್ಕೆ ಬಂದದ್ದು ವರ್ಷಗಟ್ಟಲೆ ಮಾತುಕತೆಯ ನಂತರ ಸಾವಿರಾರು ಪಾಸ್ಟರುಗಳ ಸಹಿ. 1973ರದ್ದಕ್ಕೆ ಬಂದದ್ದು ಒಂದೇ ಅಧಿವೇಶನದ 107 ಮತಗಳ ಅಂತರ. ಆಲ್ಟೆನ್‌ಬರ್ಗ್‌ನಲ್ಲಿ ಬಿಷಪ್ಪನ ಕೈಯಿಂದ ತಪ್ಪಿಸಿದ ಅಧಿಕಾರ ಅಧಿವೇಶನದ ಬಹುಮತಕ್ಕೆ ಬಂದು ಸೇರಿತ್ತು. ಪ್ರಾಧ್ಯಾಪಕರ ಬೋಧನೆಯನ್ನು ಪರೀಕ್ಷಿಸುವ ಹಕ್ಕು ಸಭೆಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಒಬ್ಬೊಬ್ಬರ ಮೇಲೆ ಆರೋಪ ಹೊರಿಸಿ, ಉತ್ತರ ಕೇಳಿ, ತೀರ್ಪು ಕೊಡುವ ದಾರಿಯೂ ಇತ್ತು. ಅದನ್ನು ಬಿಟ್ಟು 'ಬಹುಪಾಲು ಅಧ್ಯಾಪಕರು' ಎಂದು ಗುಂಪಿಗೆ ಗುಂಪನ್ನೇ ಖಂಡಿಸಿದ್ದರಿಂದ, ಒಪ್ಪಬಹುದಾಗಿದ್ದವರೂ ಒಟ್ಟಿಗೆ ಹೊರಟುಹೋದರು. ಪ್ರಾಧ್ಯಾಪಕರ ಪಾಲೂ ಇದೆ. ಹಳ್ಳಿಯ ಸಭೆಗಳಿಗೆ ಒಂದು, ತರಗತಿಗೆ ಒಂದು ಭಾಷೆ ಇಟ್ಟುಕೊಂಡು ಅವರು ವರ್ಷಗಟ್ಟಲೆ ತಳ್ಳಿದ್ದರು. ರೈತರ ಕಾಣಿಕೆಯಿಂದ ನಡೆಯುವ ಸೆಮಿನರಿಯಲ್ಲಿ ಏನು ಕಲಿಸುತ್ತಾರೆ ಎಂಬುದು ಆ ರೈತರಿಗೆ ಆಟನ್‌ನ ಪತ್ರಿಕೆಯಿಂದ ತಿಳಿಯಬೇಕಾಗಿ ಬಂದದ್ದು ಅವರ ಸೋಲೇ.

## 4. ಆಮೇಲೆ

ಸಂಪ್ರದಾಯವಾದಿಗಳು ಗೆದ್ದ ಮೇಲೆ ಜಗಳ ನಿಂತಿತಾ?

ಎಲ್ಲಿ ನಿಲ್ಲುತ್ತದೆ. ಉಳಿದ ಐವರಲ್ಲಿ ಒಬ್ಬನಾದ ಬೋಲ್‌ಮನ್ 1981ರಲ್ಲಿ ಸಿನಡ್ ಅಧ್ಯಕ್ಷನಾದ. ಇನ್ನೊಬ್ಬ ರಾಬರ್ಟ್ ಪ್ರೂಸ್ ಫೋರ್ಟ್ ವೇನ್ ಸೆಮಿನರಿಯ ಅಧ್ಯಕ್ಷ. 1989ರಲ್ಲಿ ರಾಬರ್ಟ್ ಅವರನ್ನು ಬಲವಂತವಾಗಿ ನಿವೃತ್ತಿಗೊಳಿಸಿದರು, ವ್ಯಾಜ್ಯ ಬೆಳೆಯಿತು, 1992ರಲ್ಲಿ ಬೋಲ್‌ಮನ್ ಚುನಾವಣೆ ಸೋತ. ಒಂದೇ ಬೆಂಚಿನಲ್ಲಿ ಕೂತಿದ್ದವರು ಹೀಗೆ ಎದುರುಬದುರಾದರು.

2001ರ ಸೆಪ್ಟೆಂಬರ್ 23ರಂದು, ಅವಳಿ ಗೋಪುರ ಕುಸಿದ ಮೇಲೆ ಯಾಂಕಿ ಸ್ಟೇಡಿಯಂನಲ್ಲಿ ನಡೆದ ಸಭೆಯಲ್ಲಿ ಯೆಹೂದಿ, ಮುಸ್ಲಿಂ, ಸಿಖ್, ಹಿಂದೂ ಪ್ರತಿನಿಧಿಗಳಿದ್ದ ವೇದಿಕೆಯಿಂದ ನ್ಯೂಯಾರ್ಕಿನ ಜಿಲ್ಲಾಧ್ಯಕ್ಷ ಡೇವಿಡ್ ಬೆಂಕೆ ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಿದರು. ಅನ್ಯಧರ್ಮಗಳ ಜೊತೆ ಬೆರೆತ ಆರಾಧನೆ ಎಂಬ ಆರೋಪದ ಮೇಲೆ 2002ರಲ್ಲಿ ಅಮಾನತಾದರು, 2003ರಲ್ಲಿ ಮತ್ತೆ ಸೇರಿಸಿಕೊಂಡರು. ಎಲ್ಲ ಧರ್ಮದವರನ್ನೂ ವೇದಿಕೆಗೆ ಕರೆಯುವ ಸಮಾರಂಭಗಳಿಗೆ ಒಗ್ಗಿಹೋದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಅವರಿಗೆ ಯಾರ ಜೊತೆ ನಿಂತು ಪ್ರಾರ್ಥಿಸುತ್ತೇವೆ ಎಂಬುದೂ ನಂಬಿಕೆಯ ಹೇಳಿಕೆಯೇ.

ಮಹಿಳಾ ಪಾಸ್ಟರ್, ಸಲಿಂಗಿ ಪಾಸ್ಟರ್ ವಿಷಯದಲ್ಲಿ ಎರಡೂ ಸಭೆಗಳ ನಿಲುವೇನು?

ಮಿಸೌರಿ ಸಿನಡ್ ಎರಡನ್ನೂ ಒಪ್ಪುವುದಿಲ್ಲ. ಇ.ಎಲ್.ಸಿ.ಎ.ಯಲ್ಲಿ ಮೊದಲ ದಿನದಿಂದಲೂ ಮಹಿಳಾ ಪಾಸ್ಟರುಗಳಿದ್ದಾರೆ, ಅದರ ಮೂಲ ಸಭೆಗಳು 1970ರಲ್ಲೇ ಆರಂಭಿಸಿದ್ದವು. ಜೊತೆಗಾರರೊಂದಿಗೆ ಬದ್ಧತೆಯಿಂದ ಬಾಳುವ ಸಲಿಂಗಿಗಳು ಪಾಸ್ಟರ್ ಆಗಬಹುದು ಎಂದು 2009ರ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ತೀರ್ಮಾನಿಸಿತು. ಅದಕ್ಕೆ ಮುಂಚೆ ಲೈಂಗಿಕತೆಯ ಬಗೆಗಿನ ಹೇಳಿಕೆಗೆ ಮೂರನೇ ಎರಡರಷ್ಟು ಮತ ಬೇಕಿತ್ತು, ಬಂದದ್ದು 676–338, ಕರಾರುವಾಕ್ಕಾಗಿ ಮೂರನೇ ಎರಡು. ಅದೇ ದಿನ ಸುಂಟರಗಾಳಿ ಬೀಸಿ ಸಭಾಂಗಣದ ಪಕ್ಕದ ಚರ್ಚಿನ ಗೋಪುರದ ಶಿಲುಬೆ ವಾಲಿತು. ಅದಕ್ಕೆ ಯಾರು ಯಾವ ಅರ್ಥ ಕೊಟ್ಟರೆಂದು ಊಹಿಸುವುದು ಕಷ್ಟವಲ್ಲ. ಒಪ್ಪದವರು ಮರುವರ್ಷವೇ ನಾರ್ತ್ ಅಮೆರಿಕನ್ ಲೂಥೆರನ್ ಚರ್ಚ್ ಕಟ್ಟಿಕೊಂಡು ಹೊರಟರು. ಈ ಸಲ ಹೊರಗೆ ಬಂದವರು ಸಂಪ್ರದಾಯದ ಕಡೆಯವರು.

ಕೊನೆಗೆ ಜನ ಯಾರ ಕಡೆ ಹೋದ್ರು?

ಇಬ್ಬರ ಕಡೆಯೂ ಅಲ್ಲ. 1970ರ ಹೊತ್ತಿಗೆ ಸುಮಾರು 28 ಲಕ್ಷ ಇದ್ದ ಮಿಸೌರಿ ಸಿನಡ್ ಈಗ 20 ಲಕ್ಷಕ್ಕಿಂತ ಕೆಳಗಿದೆ. 1988ರಲ್ಲಿ 50 ಲಕ್ಷ ದಾಟಿದ್ದ ಇ.ಎಲ್.ಸಿ.ಎ. 30 ಲಕ್ಷಕ್ಕಿಂತ ಕೆಳಕ್ಕೆ ಇಳಿದಿದೆ. ತಮ್ಮ ಸಿದ್ಧಾಂತದಿಂದ ಚರ್ಚು ತುಂಬುತ್ತದೆ ಎಂದು ಯಾವ ಪಕ್ಷ ಹೇಳಿದರೂ ನಂಬಬೇಡಿ.

ಭಾರತದ ಕೊಂಡಿ ಅಂದ್ರಲ್ಲ, ಏನದು?

ಮಿಸೌರಿಯವರ ಮೊದಲ ವಿದೇಶಿ ಮಿಷನ್ ಭಾರತಕ್ಕೇ ಬಂದದ್ದು. ಥಿಯೊಡೋರ್ ನೇಥರ್ ಮತ್ತು ಫ್ರಾನ್ಸ್ ಮೋನ್ ತಮಿಳುನಾಡಿನಲ್ಲಿ ಜರ್ಮನಿಯ ಲೈಪ್‌ಜಿಗ್ ಮಿಷನ್ನಿನಲ್ಲಿದ್ದವರು. ಸಿದ್ಧಾಂತದ ವಿಷಯದಲ್ಲಿ ಆ ಮಿಷನ್ನಿನೊಂದಿಗೆ ಮನಸ್ತಾಪವಾಗಿ ಹೊರಬಂದು ಮಿಸೌರಿ ಸೇರಿದರು. 1895ರಲ್ಲಿ ಮರಳಿ ಬಂದು, ನಮ್ಮ ಹೊಸೂರು ದಾಟಿದರೆ ಸಿಗುವ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿದರು. ಆಮೇಲೆ ಆಂಬೂರು, ನಾಗರಕೋಯಿಲ್ ಕಡೆ ಹರಡಿ, ಇಂದಿನ ಇಂಡಿಯಾ ಇವ್ಯಾಂಜೆಲಿಕಲ್ ಲೂಥೆರನ್ ಚರ್ಚ್ ಆಯಿತು.

ಇಲ್ಲಿಂದ ಅಲ್ಲಿಗೂ ಒಂದು ಗಾಳಿ ಬೀಸಿತು. ವರ್ಷಗಟ್ಟಲೆ ದಕ್ಷಿಣ ಭಾರತದಲ್ಲಿದ್ದ ಮಿಷನರಿ ಮಾರ್ಟಿನ್ ಕ್ರೆಟ್ಸ್‌ಮನ್ ಬರೆದ ಮಿಷನ್ ಕುರಿತ ನಿರ್ಣಯಗಳನ್ನು 1965ರ ಡೆಟ್ರಾಯಿಟ್ ಅಧಿವೇಶನ ಒಪ್ಪಿತು. ಬೇರೆ ಕ್ರೈಸ್ತರನ್ನು ಎದುರಾಳಿಗಳಂತೆ ಕಾಣದೆ ಜೊತೆಗಾರರಂತೆ ಕಾಣಿ ಎಂಬುದು ಅವುಗಳ ಸಾರ. ಮಾಡರೇಟರ ದೊಡ್ಡ ಗೆಲುವು ಅದು. ಕ್ರೈಸ್ತರೇ ಬೆರಳೆಣಿಕೆಯಷ್ಟಿರುವ ಊರುಗಳಲ್ಲಿ ಬದುಕಿದವನಿಗೆ, ಪಕ್ಕದ ಕ್ರೈಸ್ತನೊಂದಿಗೆ ಮಾತು ಬಿಡುವುದು ಮಿಸೌರಿಯ ಹಳ್ಳಿಯಲ್ಲಿದ್ದಷ್ಟು ಸಲೀಸಾಗಿ ಕಂಡಿರಲಾರದು.

ನಾನು ಸಿ.ಎಸ್.ಐ.ಯವಳು. ಮಗಳ ಊರಿಗೆ ಹೋದಾಗ ಪ್ರಭುಭೋಜನ ತಗೋಬಹುದಾ?

ಇ.ಎಲ್.ಸಿ.ಎ. ಚರ್ಚಾದರೆ ದೀಕ್ಷಾಸ್ನಾನ ಆದವರನ್ನು ಸಾಮಾನ್ಯವಾಗಿ ಕರೆಯುತ್ತಾರೆ, ಹೋಗಿ. ಮಿಸೌರಿ ಸಿನಡ್ ಚರ್ಚಾದರೆ ಒಂದೇ ನಂಬಿಕೆಯ ಹೇಳಿಕೆಯನ್ನು ಒಪ್ಪಿದವರಿಗೆ ಮಾತ್ರ. ಆರಾಧನೆಗೆ ಹತ್ತು ನಿಮಿಷ ಮೊದಲೇ ಹೋಗಿ ಪಾಸ್ಟರನ್ನು ಕೇಳಿ, ಕೇಳುವುದನ್ನು ಅವರು ಗೌರವಿಸುತ್ತಾರೆ. ಬೇಡ ಎಂದರೆ ಬೇಸರಿಸಬೇಡಿ, ಪಕ್ಕದ ಊರಿನ ಇನ್ನೊಂದು ಸಭೆಯ ಲೂಥೆರನ್ನನಿಗೂ ಅವರು ಅದನ್ನೇ ಹೇಳುತ್ತಾರೆ. ಎಷ್ಟೋ ಚರ್ಚುಗಳಲ್ಲಿ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಮುಂದೆ ಹೋದರೆ ಆಶೀರ್ವಾದ ಸಿಗುತ್ತದೆ. ಅಲ್ಲಿ ಹಾಗಿದೆಯೇ ಎಂಬುದನ್ನೂ ಅದೇ ಹತ್ತು ನಿಮಿಷದಲ್ಲಿ ಕೇಳಿಕೊಳ್ಳಿ.